ಗ್ಲುಕೋಮಾ ಆಪರೇಶನ್ ಆದ ಮೇಲೆ ದಾರಿ ಮತ್ತೆ ಮುಚ್ಚುವುದೇಕೆ? ಕೊಲಾಜೆನ್ ತುಂಡು ಇಟ್ಟರೆ ಉಪಯೋಗ ಉಂಟಾ?

ಪ್ರಶ್ನೆ: ನಮ್ಮದು ಬದಿಯಡ್ಕದ ಹತ್ತಿರ ಅಡಿಕೆ ತೋಟ. ತಂದೆಗೆ 66 ವರ್ಷ. ಗ್ಲುಕೋಮಾ ಎಂದು ಏಳು ವರ್ಷದಿಂದ ಎರಡೂ ಕಣ್ಣಿಗೆ ಮದ್ದು ಬಿಡುತ್ತಿದ್ದಾರೆ. ಎರಡು ವರ್ಷದ ಹಿಂದೆ ಮಂಗಳೂರಿನಲ್ಲಿ ಬಲಗಣ್ಣಿಗೆ ಆಪರೇಶನ್ ಆಯಿತು. ಮೊದಲ ತಿಂಗಳು ಪ್ರೆಶರ್ 12 ಇತ್ತು, ಈಗ 26. ಒಳಗೆ ಗಾಯದ ಕಲೆ ಕಟ್ಟಿ ದಾರಿ ಮುಚ್ಚಿದೆ ಅಂತಾರೆ. ಈಗ ಎಡಗಣ್ಣಿಗೂ ಆಪರೇಶನ್ ಬೇಕಂತೆ. ಈ ಸಲ ಕಲೆ ಆಗದ ಹಾಗೆ ಕೊಲಾಜೆನ್ ತುಂಡು ಇಡಬಹುದು, ಅದಕ್ಕೆ ಬೇರೆ ಖರ್ಚು ಎಂದಿದ್ದಾರೆ. ದುಬೈಯಲ್ಲಿರುವ ಭಾವ, ಕಲೆಯನ್ನೇ ತಡೆಯುವ ಹೊಸ ಜೆಲ್ ಬರುತ್ತಿದೆ, ಅದಕ್ಕೆ ಕಾಯಿರಿ ಎನ್ನುತ್ತಾರೆ. ನಾವು ಏನು ಮಾಡಬೇಕು?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಜೆಲ್‌ಗೆ ಕಾಯಬೇಡಿ. ಕೊಲಾಜೆನ್ ತುಂಡು ಇಡುವುದು ತಪ್ಪಲ್ಲ, ಆದರೆ ಅದಿಲ್ಲದಿದ್ದರೆ ಕಣ್ಣು ಹೋಯಿತು ಎಂದುಕೊಂಡು ಸಾಲ ಮಾಡಲು ಹೋಗಬೇಡಿ. ಕೈಯಲ್ಲಿ ದುಡ್ಡು ಕಡಿಮೆ ಇದ್ದರೆ ಅದನ್ನು ಆಪರೇಶನ್ ಆದ ಮೇಲಿನ ಮೂರು ತಿಂಗಳ ಓಡಾಟಕ್ಕೆ ಇಟ್ಟುಕೊಳ್ಳಿ. ದಾರಿ ಮುಚ್ಚುವುದೋ ತೆರೆದಿರುವುದೋ ಹೆಚ್ಚಾಗಿ ತೀರ್ಮಾನ ಆಗುವುದು ಆ ಮೂರು ತಿಂಗಳಲ್ಲಿ. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದ ಆದೀತು.

ನೀವು ಬದಿಯಡ್ಕದವರು, ಸುರಂಗ ನೋಡದೆ ಇರಲಿಕ್ಕಿಲ್ಲ. ನಾನು ಹುಟ್ಟಿದ್ದು ಎಣ್ಮಕಜೆ ಕಡೆ. ಮನೆಯ ಹಿಂದಿನ ಗುಡ್ಡದಲ್ಲಿ ಅಜ್ಜ ತೋಡಿಸಿದ ಸುರಂಗ ಇತ್ತು. ಮುರಕಲ್ಲಿನಲ್ಲಿ ಒಬ್ಬ ಮನುಷ್ಯ ಹೋಗುವಷ್ಟೇ ಅಗಲ. ಒಳಗೆ ತುದಿಯಲ್ಲಿ ಒರತೆ. ನೀರು ಅಡಿಕೆ ಮರದ ದಂಬೆಯಲ್ಲಿ ಹರಿದು ಬಂದು ಅಂಗಳದ ಕೆಳಗಿನ ಟಾಂಕಿಗೆ ಬೀಳುತ್ತಿತ್ತು. ಬೇಸಗೆ ಬಂತೆಂದರೆ ಯಾರಾದರೂ ದೀಪ ಹಿಡಿದು ಒಳಗೆ ಹೋಗಿ ಜರಿದ ಮಣ್ಣನ್ನು ಬುಟ್ಟಿಯಲ್ಲಿ ತುಂಬಿ ಹೊರಗೆ ತರಲೇಬೇಕು. ಒಂದೆರಡು ವರ್ಷ ಬಿಟ್ಟರೆ ಮಣ್ಣು ಕುಸಿದು, ಬೇರು ಇಳಿದು, ನೀರು ನಿಂತುಬಿಡುತ್ತಿತ್ತು. ಒರತೆ ಬತ್ತಿದ್ದಲ್ಲ, ದಾರಿ ಮುಚ್ಚಿದ್ದು. ನಿಮ್ಮ ತಂದೆಯ ಬಲಗಣ್ಣಿನಲ್ಲಿ ಆದದ್ದೂ ಇದೇ.

ಕಣ್ಣಿನೊಳಗೆ ಒಂದು ತಿಳಿನೀರು ಸದಾ ಹುಟ್ಟುತ್ತಾ ಇರುತ್ತದೆ. ಅಳುವಾಗ ಬರುವ ಕಣ್ಣೀರಲ್ಲ, ಅದು ಬೇರೆ. ಇದು ದಿನಕ್ಕೆ ಸುಮಾರು ಮೂರು ಎಂ.ಎಲ್., ಒಂದು ಟೀ ಚಮಚವೂ ತುಂಬುವುದಿಲ್ಲ. ಕಪ್ಪುಗುಡ್ಡೆಯ ಅಂಚಿನಲ್ಲಿರುವ ಒಂದು ಜಾಲರಿಯ ಮೂಲಕ ಇಳಿದು ರಕ್ತಕ್ಕೆ ಸೇರುತ್ತದೆ. ಹೊರಹೋಗುವ ದಾರಿ ಕಟ್ಟಿಕೊಂಡರೆ ಒತ್ತಡ ಏರುತ್ತದೆ. ಸಾಮಾನ್ಯವಾಗಿ 10ರಿಂದ 21 ಇರಬೇಕಾದದ್ದು 26, 30 ಆಗುತ್ತದೆ. ಹಿಂದೆ ಇರುವ ನರ ನಿಧಾನವಾಗಿ ಸಾಯುತ್ತದೆ. ಸತ್ತ ನರ ಮತ್ತೆ ಬರುವುದಿಲ್ಲ. ಕಾಯಬೇಡಿ ಎಂದದ್ದು ಇದಕ್ಕೇ.

ಆಪರೇಶನ್ ಎಂದರೆ ನೀರಿಗೆ ಹೊಸ ದಾರಿ ತೋಡುವುದು. ಕಣ್ಣಿನ ಬಿಳಿಭಾಗದಲ್ಲಿ ಅರ್ಧ ದಪ್ಪಕ್ಕೆ ಒಂದು ಸಣ್ಣ ಮುಚ್ಚಳ ಎಬ್ಬಿಸುತ್ತೇವೆ. ಅದರ ಕೆಳಗೆ ತೂತು ಮಾಡಿ, ಮುಚ್ಚಳವನ್ನು ಮತ್ತೆ ಸಡಿಲವಾಗಿ ಹೊಲಿಯುತ್ತೇವೆ. ನೀರು ಒಸರಿ, ಬಿಳಿಭಾಗವನ್ನು ಹೊದ್ದಿರುವ ತೆಳು ಪೊರೆಯ (ವಯಸ್ಸಾದವರ ಕಣ್ಣಿಗೆ ಬರುವ ಪೊರೆ ಅಲ್ಲ, ಅದು ಬೇರೆ) ಅಡಿಯಲ್ಲಿ ಸೇರಿ ಒಂದು ಸಣ್ಣ ಉಬ್ಬು ಆಗುತ್ತದೆ. ಅದನ್ನು ಬ್ಲೆಬ್ ಅಂತೇವೆ. ಮೇಲಿನ ರೆಪ್ಪೆ ಎತ್ತಿ, ತಂದೆಗೆ ಕೆಳಗೆ ನೋಡಲು ಹೇಳಿದರೆ ನಿಮಗೇ ಕಾಣಿಸೀತು. ಚೆನ್ನಾಗಿರುವ ಬ್ಲೆಬ್ ಮೆತ್ತಗೆ, ಹರಡಿಕೊಂಡು, ಮಸುಕು ಬಿಳಿ ಬಣ್ಣಕ್ಕೆ ಇರುತ್ತದೆ. ಕೆಟ್ಟದ್ದು ಕೆಂಪಗೆ, ಚಪ್ಪಟೆ. ಕೆಲವೊಮ್ಮೆ ಬಟಾಣಿಯ ಹಾಗೆ ಗಟ್ಟಿ ಗುಮ್ಮಟವಾಗಿ ನಿಂತಿರುತ್ತದೆ.

ಬೇರೆ ಆಪರೇಶನ್‌ಗಳಲ್ಲಿ ಗಾಯ ಬೇಗ ಮಾಯಲಿ ಎಂದು ದೇವರಿಗೆ ಕೈಮುಗಿಯುತ್ತೇವೆ. ಇದೊಂದರಲ್ಲಿ ಗಾಯ ಪೂರ್ತಿ ಮಾಯಬಾರದು. ದೇಹಕ್ಕೆ ಇದು ಹೇಗೆ ಗೊತ್ತಾಗಬೇಕು ಹೇಳಿ? ಕತ್ತಿ ತಾಗಿದ ಗಳಿಗೆಯಿಂದ ಅದು ತನ್ನ ಕೆಲಸ ಶುರು ಮಾಡುತ್ತದೆ. ಮೊದಲು ರಕ್ತ ಹೆಪ್ಪುಗಟ್ಟುತ್ತದೆ. ಎರಡು ಮೂರು ದಿನದಲ್ಲಿ ಫೈಬ್ರೋಬ್ಲಾಸ್ಟ್ ಎಂಬ ಕಣಗಳು ಸೇರುತ್ತವೆ. ಕೊಲಾಜೆನ್ ಎಂಬ ನಾರು ನೇಯುವುದು ಇವೇ. ಇವುಗಳಲ್ಲಿ ಕೆಲವು ಸ್ನಾಯುವಿನ ಗುಣ ಪಡೆದು ನಾರನ್ನು ಹಗ್ಗದ ಹಾಗೆ ಎಳೆದು ಬಿಗಿಯುತ್ತವೆ. ಮುಚ್ಚಳ ಕೆಳಗಿನ ಗೋಡೆಗೆ ಅಂಟಿಕೊಳ್ಳುತ್ತದೆ. ಪೊರೆ ಮುಚ್ಚಳಕ್ಕೆ ಅಂಟಿಕೊಳ್ಳುತ್ತದೆ. ನೇಯಿರಿ, ಬಿಗಿಯಿರಿ ಎಂದು ಈ ಕಣಗಳಿಗೆ ಹೇಳುವ ಮುಖ್ಯ ರಾಸಾಯನಿಕದ ಹೆಸರು ಟಿಜಿಎಫ್ ಬೀಟಾ. ಕಷ್ಟ ಏನೆಂದರೆ, ಗ್ಲುಕೋಮಾ ಇರುವವರ ಕಣ್ಣೊಳಗಿನ ನೀರಿನಲ್ಲೇ ಇದು ಜಾಸ್ತಿ ಇರುತ್ತದೆ. ಅಂದರೆ ದಾರಿಯಲ್ಲಿ ಹರಿಯುವ ನೀರೇ ದಾರಿ ಮುಚ್ಚುವ ಸುದ್ದಿಯನ್ನೂ ಹೊತ್ತು ತರುತ್ತದೆ.

ಹಾಗಾದರೆ ಕಲೆಯೇ ಆಗದ ಹಾಗೆ ಮಾಡಿದರೆ ಮುಗಿಯಿತಲ್ಲ, ಅಲ್ವಾ? ಭಾವನವರ ಜೆಲ್‌ನ ಆಸೆಯೂ ಅದೇ. ಅದು ಅಷ್ಟು ಸುಲಭ ಅಲ್ಲ ಎಂದು ನಮಗೆ ಗೊತ್ತಾಗಿ ನೂರು ವರ್ಷ ದಾಟಿತು. ಗೊತ್ತಾದ ಜಾಗವೂ ದೂರದ್ದಲ್ಲ. ಕಾಸರಗೋಡು ಆಗ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು, ಜಿಲ್ಲೆ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಮದ್ರಾಸಿನ ಸರಕಾರಿ ಕಣ್ಣಾಸ್ಪತ್ರೆಯ ರಾಬರ್ಟ್ ಹೆನ್ರಿ ಎಲಿಯಟ್ ಎಂಬ ಸರ್ಜನ್ 1909ರಲ್ಲಿ ಗ್ಲುಕೋಮಾಕ್ಕೆ ಒಂದು ಹೊಸ ಆಪರೇಶನ್ ಪ್ರಕಟಿಸಿದರು. ಕಪ್ಪುಗುಡ್ಡೆಯ ಅಂಚಿನಲ್ಲಿ ಗುಂಡಗಿನ ಸಣ್ಣ ತೂತು ಕೊರೆದು ನೀರನ್ನು ನೇರವಾಗಿ ಪೊರೆಯ ಅಡಿಗೆ ಬಿಡುವುದು. ಅದು ಜಗತ್ತಿನ ತುಂಬಾ ಹರಡಿತು, ದಶಕಗಳ ಕಾಲ ನಡೆಯಿತು. ಅದರಲ್ಲಿ ಮುಚ್ಚಳ ಇರಲಿಲ್ಲ. ಎಷ್ಟೋ ಜನರಲ್ಲಿ ಪೊರೆ ವರ್ಷ ಕಳೆದ ಹಾಗೆ ಈರುಳ್ಳಿ ಸಿಪ್ಪೆಯಷ್ಟು ತೆಳುವಾಯಿತು. ಒತ್ತಡ ಪೂರ್ತಿ ಬಿದ್ದು ಕಣ್ಣು ಮೆತ್ತಗಾಯಿತು, ಇಲ್ಲವೇ ಆ ತೆಳುವಿನ ಮೂಲಕ ಕೀವಿನ ರೋಗಾಣು ಒಳಗೆ ಹೋಯಿತು. 1968ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಜಾನ್ ಕೇರ್ನ್ಸ್ ಮುಚ್ಚಳ ಎಬ್ಬಿಸುವ ಕ್ರಮದ ಬಗ್ಗೆ ಬರೆದರು. ನಿಮ್ಮ ತಂದೆಗೆ ಮಾಡಿದ ಟ್ರಾಬೆಕ್ಯುಲೆಕ್ಟಮಿ ಬಂದದ್ದು ಅಲ್ಲಿಂದ. ಮುಚ್ಚಳದಿಂದ ಕಣ್ಣು ಸುರಕ್ಷಿತವಾಯಿತು. ಆದರೆ ಮುಚ್ಚಳ ಅಂಟಿಕೊಳ್ಳುವ ಕಾಟ ಶುರುವಾಯಿತು.

ಹಾಗಾಗಿ ಕಲೆ ಸ್ವಲ್ಪ ಬೇಕು, ಜಾಸ್ತಿ ಬೇಡ. ನಾವು ಹುಡುಕುತ್ತಿರುವುದು ಈ ಅಳತೆಯನ್ನು. ಜೆಲ್ ಇರಲಿ, ಕೊಲಾಜೆನ್ ಇರಲಿ, ನೀರು ಹೊರಗೆ ಬಿಡಲು ಕಣ್ಣಿಗೆ ಇಡುವ ನಳಿಕೆ ಇರಲಿ, ಅದು ಕಲೆಯನ್ನು ನಿಲ್ಲಿಸುತ್ತದೆಯಾ ಎಂದು ಕೇಳುವುದಕ್ಕಿಂತ ಸರಿಯಾದ ಅಳತೆಗೆ ತಂದು ನಿಲ್ಲಿಸುತ್ತದೆಯಾ ಎಂದು ಕೇಳಬೇಕು.

ಕೊಲಾಜೆನ್‌ಗೆ ಬರುವ ಮೊದಲು ಮೈಟೋಮೈಸಿನ್ ಎಂಬ ಮದ್ದಿನ ವಿಷಯ ಗೊತ್ತಿರಬೇಕು. ಹೊಸದಾಗಿ ಏನೇ ಬಂದರೂ ಇದರ ಪಕ್ಕ ನಿಲ್ಲಿಸಿಯೇ ನೋಡುವುದು. ಇದು ಮಣ್ಣಿನ ಸೂಕ್ಷ್ಮಜೀವಿಯಿಂದ 1950ರ ದಶಕದಲ್ಲಿ ಜಪಾನಿನಲ್ಲಿ ಸಿಕ್ಕಿದ್ದು. ಮೂಲದಲ್ಲಿ ಕ್ಯಾನ್ಸರ್ ಮದ್ದು. ಗ್ಲುಕೋಮಾ ಆಪರೇಶನ್‌ಗೆ ಇದನ್ನು ತಂದದ್ದು ತೈವಾನಿನ ವೈದ್ಯ ಚೆನ್, 1983ರಲ್ಲಿ. ಒಂದು ಎಂ.ಎಲ್.ಗೆ 0.2ರಿಂದ 0.4 ಮಿಲಿಗ್ರಾಂ ಹಾಕಿದ ದ್ರಾವಣದಲ್ಲಿ ಸ್ಪಂಜಿನ ಚೂರುಗಳನ್ನು ಅದ್ದಿ, ಪೊರೆಯ ಅಡಿಯಲ್ಲಿ ಎರಡು ಮೂರು ನಿಮಿಷ ಇಟ್ಟು, ತೆಗೆದು, ಚೆನ್ನಾಗಿ ತೊಳೆಯುತ್ತೇವೆ. ಅಷ್ಟರಲ್ಲಿ ಅಲ್ಲಿನ ಫೈಬ್ರೋಬ್ಲಾಸ್ಟ್‌ಗಳು ಮುಂದೆ ಮರಿ ಹಾಕದ ಹಾಗೆ ಆಗುತ್ತವೆ. ಕೆಲಸ ಮಾಡುತ್ತದೆ, ಅದರಲ್ಲಿ ಅನುಮಾನ ಇಲ್ಲ. ಬೆಲೆಯೂ ಕೊಲಾಜೆನ್ ತುಂಡಿಗಿಂತ ಎಷ್ಟೋ ಕಡಿಮೆ. ತೊಂದರೆ ಎಂದರೆ ಸ್ವಲ್ಪ ಹೆಚ್ಚಾದರೂ ಎಲಿಯಟ್ ಕಾಲದ ಆ ತೆಳು ಪೊರೆ ಮತ್ತೆ ಬರುತ್ತದೆ. ರಕ್ತನಾಳ ಇಲ್ಲದ ಬೆಳ್ಳಗಿನ ಬ್ಲೆಬ್, ಸೋರುವ ಬ್ಲೆಬ್, ವರ್ಷಗಳ ನಂತರವೂ ಸೋಂಕಿನ ಭಯ.

ನಿಮ್ಮ ಹತ್ತಿರ ಬಲಗಣ್ಣಿನ ಹಳೆಯ ಡಿಸ್‌ಚಾರ್ಜ್ ಹಾಳೆ ಇದ್ದರೆ ತೆಗೆದು ನೋಡಿ. ಮೈಟೋಮೈಸಿನ್ ಹಾಕಿದ್ದಾರಾ, ಎಷ್ಟು, ಎಷ್ಟು ನಿಮಿಷ ಎಂದು ಅದರಲ್ಲಿ ಇರಬೇಕು. ಎಡಗಣ್ಣಿಗೆ ಏನು ಮಾಡಬೇಕು ಎಂದು ತೀರ್ಮಾನಿಸಲು ಡಾಕ್ಟರಿಗೆ ಇದಕ್ಕಿಂತ ದೊಡ್ಡ ಸುಳಿವು ಬೇರೆ ಇಲ್ಲ.

ಈಗ ಕೊಲಾಜೆನ್. ಹೆಚ್ಚಾಗಿ ಸಿಗುವುದು ಒಲೋಜೆನ್ ಎಂಬ ಹೆಸರಿನದ್ದು. ಪೊಟ್ಟಣ ಬಿಚ್ಚಿದರೆ ಒಂದು ಬಿಳಿ ಬಿಲ್ಲೆ. ಕೆಲವು 6 ಮಿ.ಮೀ. ಅಗಲ, 2 ಮಿ.ಮೀ. ದಪ್ಪ. ಒಣಗಿದ ಸ್ಪಂಜಿನ ಹಾಗೆ ಹಗುರ. ಇಕ್ಕಳದಲ್ಲಿ ಹಿಡಿದು ಮುಚ್ಚಳದ ಮೇಲೆ ಇಟ್ಟ ಕೂಡಲೇ ನೀರು ಹೀರಿ, ಹಾಲಿಗೆ ಹಾಕಿದ ಅವಲಕ್ಕಿಯ ಹಾಗೆ ಮೆತ್ತಗಾಗುತ್ತದೆ. ಅದರ ಮೇಲೆ ಪೊರೆ ಎಳೆದು ಹೊಲಿಯುತ್ತೇವೆ.

ಅದು ಎರಡು ಕೆಲಸ ಮಾಡುತ್ತದೆ. ಒಂದು, ಪೊರೆ ಮತ್ತು ಮುಚ್ಚಳದ ನಡುವೆ ಜಾಗ ಹಿಡಿದುಕೊಳ್ಳುತ್ತದೆ, ಜೊತೆಗೆ ಮುಚ್ಚಳದ ಮೇಲೆ ಭಾರವಾಗಿ ಕೂತು ಮೊದಲ ದಿನಗಳಲ್ಲಿ ನೀರು ಅತಿಯಾಗಿ ಹರಿಯದ ಹಾಗೆ ನೋಡಿಕೊಳ್ಳುತ್ತದೆ. ಇನ್ನೊಂದು ಕೆಲಸ ನನಗೆ ಬಹಳ ಚಂದ ಕಾಣುತ್ತದೆ. ಈ ಬಿಲ್ಲೆಯ ತುಂಬಾ ಸಣ್ಣ ಸಣ್ಣ ರಂಧ್ರಗಳು. ಫೈಬ್ರೋಬ್ಲಾಸ್ಟ್‌ಗಳು ಬಂದು ಆ ರಂಧ್ರಗಳೊಳಗೆ ನುಗ್ಗುತ್ತವೆ. ಸಾಮಾನ್ಯ ಗಾಯದಲ್ಲಿ ಅವು ಸಾಲಾಗಿ ನಿಂತು ಒಂದೇ ದಿಕ್ಕಿಗೆ ನಾರು ನೇಯುತ್ತವೆ, ಹಾಗಾಗಿ ಕಲೆ ಚಾಪೆಯಂತೆ ಬಿಗಿ. ರಂಧ್ರದೊಳಗೆ ಅವುಗಳಿಗೆ ಸಾಲು ಸಿಗುವುದಿಲ್ಲ. ದಿಕ್ಕಾಪಾಲಾಗಿ ನೇಯುತ್ತವೆ. ಸಿಗುವುದು ಚಾಪೆಯಲ್ಲ, ತೆಂಗಿನ ನಾರಿನ ಸಡಿಲ ಉಂಡೆ. ಅದರ ನಡುವೆ ನೀರು ನುಸುಳಬಹುದು. ಮೂರರಿಂದ ಆರು ತಿಂಗಳಲ್ಲಿ ಬಿಲ್ಲೆ ಕರಗಿ ಹೋಗುತ್ತದೆ. ಅಷ್ಟರಲ್ಲಿ ಗಾಯದ ಆವೇಶ ಇಳಿದಿರುತ್ತದೆ.

ಕೇಳಲು ಇಷ್ಟು ಚಂದ. ಆದರೆ ರೋಗಿಗಳ ಮೇಲೆ ಹೋಲಿಸಿ ನೋಡಿದಾಗ ಬಂದದ್ದು ಏನು? ಕೊಲಾಜೆನ್ ಇಟ್ಟವರು ಮತ್ತು ಮೈಟೋಮೈಸಿನ್ ಹಾಕಿಸಿಕೊಂಡವರು, ಎರಡೂ ಗುಂಪಿನ ಯಶಸ್ಸು ಹೆಚ್ಚುಕಡಿಮೆ ಒಂದೇ. ಒತ್ತಡ ಇಳಿಸುವುದರಲ್ಲಿ ಮೈಟೋಮೈಸಿನ್ ಎಷ್ಟೋ ಕಡೆ ಒಂದು ಕೂದಲೆಳೆ ಮುಂದೆ. ಹಾಗಾಗಿ ದುಬಾರಿಯದ್ದು ಎಂಬ ಮಾತ್ರಕ್ಕೆ ಇದು ಮೇಲು ಎಂದು ನಾನು ಹೇಳುವುದಿಲ್ಲ. ಪೊರೆ ತುಂಬಾ ತೆಳುವಿದ್ದು ಮೈಟೋಮೈಸಿನ್ ಹಾಕಲು ಹೆದರಿಕೆ ಆಗುವ ಕಣ್ಣಿಗೆ, ಇಲ್ಲವೇ ಮೈಟೋಮೈಸಿನ್ ಪ್ರಮಾಣ ಕಡಿಮೆ ಮಾಡಿ ಜೊತೆಗೆ ಇದನ್ನೂ ಇಡುವುದು ಒಳ್ಳೆಯದು ಎನಿಸಿದ ಕಡೆ ನಾನು ಇದನ್ನು ಬಳಸುತ್ತೇನೆ. ನಿಮ್ಮ ತಂದೆಯ ಸಂಗತಿ ಬೇರೆ. ಒಂದು ಕಣ್ಣಿನಲ್ಲಿ ಗಟ್ಟಿ ಕಲೆ ಕಟ್ಟಿ ತೋರಿಸಿದ ದೇಹ ಅದು. ಕೊಲಾಜೆನ್ ಒಂದನ್ನೇ ನಂಬಿ ಎಡಗಣ್ಣಿಗೆ ಕೈ ಹಾಕುವುದು ನನಗೆ ಸರಿ ಕಾಣುವುದಿಲ್ಲ. ಮೈಟೋಮೈಸಿನ್ ಇರಲಿ. ಕೊಲಾಜೆನ್ ಅದರ ಜೊತೆಗೆ ಬೇಕೋ ಬೇಡವೋ ಎನ್ನುವುದನ್ನು ಪೊರೆಯನ್ನು ಕಣ್ಣಾರೆ ನೋಡಿದ ಸರ್ಜನ್ ಹೇಳಬೇಕು.

ಇನ್ನೊಂದು ವಿಷಯವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಒಲೋಜೆನ್‌ನ ಕೊಲಾಜೆನ್ ಹಂದಿಯಿಂದ ಬಂದದ್ದು. ಝೆನ್ ಎಂಬ ಸಣ್ಣ ನಳಿಕೆ ಉಂಟು, ಅದರ ಜೆಲಾಟಿನ್ ಕೂಡ ಹಂದಿಯದ್ದೇ. ನಮ್ಮ ಊರಿನಲ್ಲಿ ಮುಸ್ಲಿಮರಿಗೂ ಸಸ್ಯಾಹಾರಿಗಳಿಗೂ ಇದು ಸಣ್ಣ ವಿಷಯ ಅಲ್ಲ. ಶುದ್ಧೀಕರಿಸಿದ ವಸ್ತು, ಕಣ್ಣಿಗೆ ಅದರಿಂದ ಹಾನಿ ಇಲ್ಲ, ನಿಜ. ಆದರೂ ತಿಳಿಸಿ ಒಪ್ಪಿಗೆ ಪಡೆಯುವುದು ನಮ್ಮ ಕರ್ತವ್ಯ. ಡಾಕ್ಟರ್ ತಾವಾಗಿ ಹೇಳದಿದ್ದರೆ ನೀವು ಕೇಳಿ. ಕೇಳುವುದರಲ್ಲಿ ಸಂಕೋಚ ಏನೂ ಬೇಡ. ಬೇಡ ಎನಿಸಿದರೆ ಬೇರೆ ದಾರಿ ಇದ್ದೇ ಇದೆ. ಹೆರಿಗೆಯ ನಂತರ ತಾಯಂದಿರು ದಾನ ಕೊಟ್ಟ ಮಾಸಿನ (ಹೆರಿಗೆಯ ಕಸದ) ಒಳಪೊರೆಯನ್ನು ಪರೀಕ್ಷೆ ಮಾಡಿ ಕಾಪಿಟ್ಟು, ಕೆಲವು ಕಡೆ ಮುಚ್ಚಳದ ಅಡಿ ಅಥವಾ ಮೇಲೆ ಇಡುತ್ತಾರೆ. ಹಯಲುರಾನಿಕ್ ಆಮ್ಲದ ಜೆಲ್‌ಗಳೂ ಇವೆ, ಅವು ಸ್ವಲ್ಪ ಕಾಲ ಜಾಗ ಹಿಡಿದು ಕರಗುತ್ತವೆ. ಬಹುಶಃ ಭಾವ ಓದಿದ್ದು ಇಂಥದ್ದೇ ಒಂದರ ಸುದ್ದಿ ಇರಬಹುದು, ಅಥವಾ ಮದ್ದು ತುಂಬಿದ ಹೊಸ ಜೆಲ್‌ನ ಪ್ರಯೋಗದ ಸುದ್ದಿ.

ಆ ಪ್ರಯೋಗಗಳ ಯೋಚನೆ ಒಳ್ಳೆಯದು. ಮೈಟೋಮೈಸಿನ್‌ನಂಥ ಮದ್ದನ್ನು ಮೂರು ನಿಮಿಷದಲ್ಲಿ ಒಮ್ಮೆಲೇ ಕೊಡುವ ಬದಲು, ಕರಗುವ ಪದಾರ್ಥದಲ್ಲಿ ತುಂಬಿ ಇಟ್ಟರೆ ವಾರಗಟ್ಟಲೆ ಸ್ವಲ್ಪ ಸ್ವಲ್ಪವೇ ಬಿಡುಗಡೆ ಆಗುತ್ತದೆ. ತೋಟಕ್ಕೆ ಒಂದೇ ದಿನ ಕೊಡಪಾನ ಸುರಿಯುವುದಕ್ಕೂ ಹನಿ ನೀರಾವರಿಗೂ ಇರುವ ವ್ಯತ್ಯಾಸ. ಮೊಲಗಳ ಕಣ್ಣಿನಲ್ಲಿ ಒಳ್ಳೆಯ ಫಲ ಬಂದಿದೆ. ಆದರೆ ಮೊಲದ ಕಣ್ಣಿನ ಸುದ್ದಿ ಓದಿ ಮನುಷ್ಯನ ಕಣ್ಣಿಗೆ ಕಾಯುವುದು ಅಪಾಯ. ಟಿಜಿಎಫ್ ಬೀಟಾದ ಒಂದು ರೂಪವನ್ನೇ ಹಿಡಿದು ನಿಲ್ಲಿಸುವ ಮದ್ದೊಂದು ಬಂದಿತ್ತು, ಹೆಸರು ಕ್ಯಾಟ್ 152. ಮೊಲಗಳಲ್ಲಿ ಗೆದ್ದಿತ್ತು. ಮನುಷ್ಯರ ಮೇಲಿನ ಮೊದಲ ಸಣ್ಣ ಪ್ರಯೋಗವೂ ಆಸೆ ಹುಟ್ಟಿಸಿತ್ತು. 2007ರಲ್ಲಿ ದೊಡ್ಡ ಪ್ರಯೋಗದ ಫಲ ಬಂದಾಗ ಅದಕ್ಕೂ ಮದ್ದಿಲ್ಲದ ಚುಚ್ಚುಮದ್ದಿಗೂ ವ್ಯತ್ಯಾಸ ಕಾಣಲಿಲ್ಲ. ಆಗ ನಾವೆಲ್ಲ ತುಂಬಾ ನಿರಾಸೆಪಟ್ಟೆವು. ದೇಹಕ್ಕೆ ಕಲೆ ಕಟ್ಟಲು ಒಂದೇ ದಾರಿ ಇಲ್ಲ. ಒಂದನ್ನು ತಡೆದರೆ ಇನ್ನೊಂದರಿಂದ ಬರುತ್ತದೆ.

ಹೊಸ ವಸ್ತು ಎಂದರೆ ಹಳೆಯದಕ್ಕಿಂತ ಮೇಲು ಎನ್ನುವ ನಂಬಿಕೆಗೆ ಇನ್ನೊಂದು ಲೆಕ್ಕ ಕೊಡುತ್ತೇನೆ. ಪ್ರಿಸರ್‌ಫ್ಲೋ ಎಂಬ ನಳಿಕೆ ಇದೆ. 8.5 ಮಿ.ಮೀ. ಉದ್ದ, ಒಳಗಿನ ರಂಧ್ರ ಒಂದು ತಲೆಕೂದಲಿನ ದಪ್ಪ. ಅದರ ಪ್ಲಾಸ್ಟಿಕ್ಕನ್ನು ಮೊದಲು ಬಳಸಿದ್ದು ಹೃದಯದ ಸ್ಟೆಂಟಿನ ಲೇಪಕ್ಕೆ. ದೇಹ ಅದನ್ನು ಹೊರಗಿನ ವಸ್ತು ಎಂದು ಜಗಳಕ್ಕೆ ನಿಲ್ಲುವುದು ಕಡಿಮೆ. ಅಮೆರಿಕ ಮತ್ತು ಯುರೋಪಿನಲ್ಲಿ 527 ಕಣ್ಣುಗಳ ಮೇಲೆ ಇದನ್ನೂ ಹಳೆಯ ಟ್ರಾಬೆಕ್ಯುಲೆಕ್ಟಮಿಯನ್ನೂ ಹೋಲಿಸಿದರು. ಎರಡಕ್ಕೂ ಮೈಟೋಮೈಸಿನ್ ಹಾಕಿದ್ದರು. ಒಂದು ವರ್ಷದಲ್ಲಿ ಯಶಸ್ಸು ನಳಿಕೆಗೆ 53.9 ಶೇಕಡಾ, ಹಳೆಯ ಆಪರೇಶನ್‌ಗೆ 72.7. ಒತ್ತಡ ತೀರಾ ಕೆಳಗೆ ಬೀಳುವ ತೊಂದರೆ ನಳಿಕೆಯಲ್ಲಿ ಕಡಿಮೆ ಇತ್ತು, ಅದನ್ನೂ ಹೇಳಬೇಕು. ಅಂದರೆ ಅದಕ್ಕೂ ಜಾಗ ಇದೆ. ಆದರೆ ಎಲ್ಲರಿಗೂ ಅಲ್ಲ.

ಬಲಗಣ್ಣಿನ ವಿಷಯ ನೀವು ಕೇಳಲಿಲ್ಲ, ಆದರೆ ಅದನ್ನು ಬಿಟ್ಟುಬಿಡಬೇಡಿ. 26 ಇದ್ದರೆ ಆ ಕಣ್ಣಿನ ನರಕ್ಕೂ ಪೆಟ್ಟು ಬೀಳುತ್ತಲೇ ಇದೆ. ಒಮ್ಮೆ ಕಲೆ ಕಟ್ಟಿದ ಕಣ್ಣಿಗೆ ನಾವು ಹೆಚ್ಚಾಗಿ ಯೋಚಿಸುವುದು ಸಿಲಿಕೋನ್ ನಳಿಕೆ ಮತ್ತು ತಟ್ಟೆ. ಮದುರೈಯ ಆರೋಲ್ಯಾಬ್ 2013ರಿಂದ ತಯಾರಿಸುವ ಆಡಿ ಎಂಬುದು ನಮ್ಮಲ್ಲಿ ಬಹಳ ಬಳಕೆಯಲ್ಲಿದೆ. ವಿದೇಶದಿಂದ ಬರುವುದಕ್ಕಿಂತ ಎಷ್ಟೋ ಅಗ್ಗ. ಅದರ ತಟ್ಟೆ 350 ಚದರ ಮಿ.ಮೀ., ಎರಡು ಹೆಬ್ಬೆರಳ ಉಗುರು ಜೋಡಿಸಿದಷ್ಟು. ಅದನ್ನು ಕಣ್ಣಿನ ಹಿಂಬದಿಗೆ ಸರಿಸಿ ಹೊಲಿದು, ನಳಿಕೆಯನ್ನು ಕಣ್ಣೊಳಗೆ ತೂರಿಸುತ್ತೇವೆ.

ಇಲ್ಲಿ ಯೋಚನೆಯೇ ಬೇರೆ. ಕಲೆಯ ಜೊತೆ ಗುದ್ದಾಡುವುದಿಲ್ಲ, ಅದಕ್ಕೆ ಜಾಗ ಕೊಡುತ್ತೇವೆ. ತಟ್ಟೆಯ ಸುತ್ತ ದೇಹ ಒಂದು ಚೀಲ ಕಟ್ಟುತ್ತದೆ, ನೀರು ಆ ಚೀಲದೊಳಗೆ ಸೇರಿ ಅದರ ಗೋಡೆಯಿಂದ ಒಸರಿ ಹೋಗುತ್ತದೆ. ಚೀಲ ಕಟ್ಟುವ ಮೊದಲೇ ನೀರು ಬಿಟ್ಟರೆ ಒತ್ತಡ ಕುಸಿದುಬಿಡುತ್ತದೆ. ಹಾಗಾಗಿ ನಳಿಕೆಯನ್ನು ಕರಗುವ ನೂಲಿನಿಂದ ಬಿಗಿದು ಕಟ್ಟಿರುತ್ತೇವೆ. ಐದಾರು ವಾರಕ್ಕೆ ನೂಲು ಕರಗಿ ನೀರು ಹರಿಯುತ್ತದೆ. ಅಷ್ಟರ ತನಕ ನಾವೇ ಕಲೆ ಆಗಲಿ ಎಂದು ಕಾಯುವುದು! ಚೀಲದ ಗೋಡೆ ತೆಳುವಾಗಿ ಇದ್ದರೆ ಗೆದ್ದೆವು, ದಪ್ಪವಾದರೆ ಒತ್ತಡ ಮತ್ತೆ ಏರುತ್ತದೆ. ತಟ್ಟೆಯನ್ನು ಯಾವ ವಸ್ತುವಿನಿಂದ ಮಾಡಿದ್ದಾರೆ ಎನ್ನುವುದು ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಗಟ್ಟಿ ಪಾಲಿಪ್ರೊಪಿಲೀನ್‌ಗಿಂತ ಮೆತ್ತಗಿನ, ನುಣುಪಾದ ಸಿಲಿಕೋನ್ ಹೋಲಿಕೆಗಳಲ್ಲಿ ಚೆನ್ನಾಗಿ ನಡೆದುಕೊಂಡಿದೆ. ಮೊದಲೇ ಆಪರೇಶನ್ ಆಗಿದ್ದ ಕಣ್ಣುಗಳಲ್ಲಿ ಇದೇ ಅಳತೆಯ ಬೇರ್‌ವೆಲ್ಟ್ ಎಂಬ ತಟ್ಟೆಯನ್ನೂ ಮೈಟೋಮೈಸಿನ್ ಹಾಕಿದ ಟ್ರಾಬೆಕ್ಯುಲೆಕ್ಟಮಿಯನ್ನೂ ಹೋಲಿಸಿ 2012ರಲ್ಲಿ ಐದು ವರ್ಷದ ಫಲ ಪ್ರಕಟಿಸಿದರು. ಸೋತದ್ದು ತಟ್ಟೆಯಲ್ಲಿ 29.8 ಶೇಕಡಾ, ಟ್ರಾಬೆಕ್ಯುಲೆಕ್ಟಮಿಯಲ್ಲಿ 46.9. ನಮ್ಮೂರಲ್ಲಿ ಜರಿಯುವ ಸುರಂಗಕ್ಕೆ ಈಗ ಪಿವಿಸಿ ಪೈಪು ಹಾಕುತ್ತಾರಲ್ಲ, ಹಾಗೆ.

ಇನ್ನು ಆಪರೇಶನ್ನಿನ ಮೊದಲು ಮತ್ತು ನಂತರ ನಿಮ್ಮ ಕೈಯಲ್ಲಿ ಇರುವುದನ್ನು ಹೇಳುತ್ತೇನೆ. ಯಾವ ಬಿಲ್ಲೆಗಿಂತಲೂ ಇದರ ಮೇಲೆ ನನಗೆ ಹೆಚ್ಚು ಭರವಸೆ.

ಏಳು ವರ್ಷ ಮದ್ದು ಬಿಟ್ಟಿದ್ದಾರೆ ಎಂದಿರಿ. ಹೆಚ್ಚಿನ ಕಣ್ಣಿನ ಮದ್ದುಗಳಲ್ಲಿ ಕೆಡದ ಹಾಗೆ ಬೆಂಜಾಲ್ಕೋನಿಯಂ ಕ್ಲೋರೈಡ್ ಸೇರಿಸಿರುತ್ತಾರೆ. ವರ್ಷಗಟ್ಟಲೆ ಬಿದ್ದರೆ ಪೊರೆಯಲ್ಲಿ ಸದಾ ಒಂದು ಸಣ್ಣ ಉರಿಯೂತ ಇರುತ್ತದೆ. ಕೆಂಪು, ಕಡಿತ, ಮರಳು ಬಿದ್ದ ಹಾಗೆ. ಫೈಬ್ರೋಬ್ಲಾಸ್ಟ್‌ಗಳು ಆಗಲೇ ಎಚ್ಚರಾಗಿ ಕೂತಿರುತ್ತವೆ, ಕತ್ತಿ ತಾಗಲು ಕಾಯುತ್ತಾ. ಅದಕ್ಕೇ ಆಪರೇಶನ್ನಿಗೆ ಕೆಲವು ವಾರ ಮೊದಲು ಆ ರಾಸಾಯನಿಕ ಇಲ್ಲದ ಮದ್ದಿಗೆ ಬದಲಿಸಬಹುದೇ, ಉರಿಯೂತ ಇಳಿಸುವ ಸ್ಟಿರಾಯ್ಡ್ ಹನಿ ಶುರು ಮಾಡಬಹುದೇ ಎಂದು ಡಾಕ್ಟರನ್ನು ಕೇಳಿ. ನೀವಾಗಿಯೇ ಸುಮ್ನೆ ಮದ್ದು ನಿಲ್ಲಿಸಬೇಡಿ, ಒತ್ತಡ ಏರಿಬಿಡುತ್ತದೆ.

ಆಪರೇಶನ್ ಆದ ಮೇಲಿನದ್ದಕ್ಕೆ ನನ್ನ ಮನೆಯ ಒಂದು ಸಂಗತಿ ಹೇಳಲೇಬೇಕು. ನನ್ನ ದೊಡ್ಡಮ್ಮನಿಗೆ ಇದೇ ಆಪರೇಶನ್ ಆಗಿತ್ತು. ನಾನು ಆಗ ಇನ್ನೂ ಓದುತ್ತಿದ್ದೆ, ದೂರದ ಊರಿನಲ್ಲಿದ್ದೆ. ಆಪರೇಶನ್ ಚೆನ್ನಾಗಿಯೇ ಆಗಿತ್ತು. ಮನೆಗೆ ಕಳಿಸುವಾಗ ಕೊಟ್ಟ ಹಾಳೆ ಇಂಗ್ಲಿಷಿನಲ್ಲಿತ್ತು. ಬಾಟಲಿಯ ಮೇಲೆ ಅಂಟಿಸಿದ ಚೀಟಿ ಮಲಯಾಳದಲ್ಲಿತ್ತು. ದೊಡ್ಡಮ್ಮ ನಾಲ್ಕನೇ ಕ್ಲಾಸಿನ ತನಕ ಕನ್ನಡ ಶಾಲೆಗೆ ಹೋದವರು. ಪ್ರತಿದಿನ ಪೇಪರ್ ಓದುತ್ತಿದ್ದರು, ಆದರೆ ಆ ಎರಡೂ ಅಕ್ಷರ ಅವರಿಗೆ ಬಾರದು. ಯಾರೋ ಬಾಯಲ್ಲಿ ಹೇಳಿದ್ದನ್ನು ನೆನಪಿಟ್ಟು ಮದ್ದು ಬಿಟ್ಟರು. ಮೂರನೇ ವಾರ ಬಾಟಲಿ ಮುಗಿಯಿತು. ನೋವಿಲ್ಲ, ಕಣ್ಣು ಕೆಂಪಿಲ್ಲ. ಮದ್ದು ಮುಗಿಯಿತು ಎಂದರೆ ಚಿಕಿತ್ಸೆ ಮುಗಿಯಿತು ಎಂದುಕೊಂಡರು. ಆ ಬಾಟಲಿಯಲ್ಲಿದ್ದದ್ದು ಪ್ರೆಡ್ನಿಸೊಲೋನ್, ಸ್ಟಿರಾಯ್ಡ್. ಎರಡು ತಿಂಗಳ ಮೇಲೆ ನಾನು ರಜೆಯಲ್ಲಿ ಬಂದು ರೆಪ್ಪೆ ಎತ್ತಿ ನೋಡಿದರೆ ಬ್ಲೆಬ್ ಇದ್ದ ಜಾಗ ಚಪ್ಪಟೆ, ಪೊರೆ ಕೆಳಗೆ ಅಂಟಿಕೊಂಡಿತ್ತು. ಆ ಕಣ್ಣು ಮತ್ತೆ ಸರಿಯಾಗಲಿಲ್ಲ. ನನ್ನ ಹತ್ತಿರ ಬರುವ ಗಡಿಭಾಗದ ರೋಗಿಗಳಿಗೆಲ್ಲ ಈಗ ಮದ್ದಿನ ಪಟ್ಟಿಯನ್ನು ಕನ್ನಡದಲ್ಲಿ ಕೈಯಾರೆ ಬರೆದು ಕೊಡುತ್ತೇನೆ. ಯಾವ ದಿನಾಂಕದಿಂದ ಯಾವ ದಿನಾಂಕದ ತನಕ, ದಿನಕ್ಕೆ ಎಷ್ಟು ಸಲ, ಬಾಟಲಿ ಮುಗಿದರೆ ಇದೇ ಹೆಸರಿನದ್ದು ಇನ್ನೊಂದು ತರಬೇಕು ಎಂದು.

ನಿಮ್ಮ ತಂದೆಗೂ ಹಾಗೆ ಬರೆಸಿಕೊಳ್ಳಿ. ಡಾಕ್ಟರ್ ಬರೆಯದಿದ್ದರೆ ನೀವು ಅವರ ಎದುರೇ ಬರೆದು, ಓದಿ ಹೇಳಿ, ಸರಿ ಎನಿಸಿಕೊಂಡು ಬನ್ನಿ. ಗೋಡೆಯ ಕ್ಯಾಲೆಂಡರಿನ ಪಕ್ಕ ಅಂಟಿಸಿ. ಸ್ಟಿರಾಯ್ಡ್ ಹನಿ ಮೊದಲು ಎರಡು ಗಂಟೆಗೊಮ್ಮೆ ಇರಬಹುದು, ಆಮೇಲೆ ನಿಧಾನ ಇಳಿಸುತ್ತಾ ಎಂಟರಿಂದ ಹನ್ನೆರಡು ವಾರ ಹೋಗುತ್ತದೆ. ಪ್ರೆಡ್ನಿಸೊಲೋನ್ ಅಸಿಟೇಟ್ ಬಾಟಲಿಯಲ್ಲಿ ಮದ್ದು ಹಾಲಿನ ಹಾಗೆ ಬಿಳಿ, ಅಡಿಯಲ್ಲಿ ಕೂತಿರುತ್ತದೆ. ಪ್ರತಿ ಸಲ ಚೆನ್ನಾಗಿ ಅಲ್ಲಾಡಿಸಬೇಕು. ಅಲ್ಲಾಡಿಸದೆ ಬಿಟ್ಟರೆ ಕಣ್ಣಿಗೆ ಬೀಳುವುದು ಬರೀ ಮೇಲಿನ ನೀರು.

ಓಡಾಟ ಬೇಕು ಎಂದದ್ದು ಇದಕ್ಕೆ. ಮೊದಲ ವಾರಗಳಲ್ಲಿ ಮುಚ್ಚಳದ ಹೊಲಿಗೆ ಬಿಗಿ ಎನಿಸಿದರೆ ಲೇಸರಿನಲ್ಲಿ ಒಂದು ನೂಲು ಕತ್ತರಿಸಬಹುದು. ಪೊರೆ ಅಂಟಿಕೊಳ್ಳಲು ಶುರುವಾದರೆ ಸಣ್ಣ ಸೂಜಿ ತೂರಿಸಿ ಆ ನಾರುಗಳನ್ನು ಬಿಡಿಸಿ, ಪಕ್ಕದಲ್ಲಿ 5 ಫ್ಲೋರೋಯುರಾಸಿಲ್ ಎಂಬ ಮದ್ದು ಚುಚ್ಚಬಹುದು. ಕಣ್ಣಿಗೆ ಮರಗಟ್ಟುವ ಹನಿ ಹಾಕಿ ಕೆಲವು ನಿಮಿಷದಲ್ಲಿ ಮುಗಿಯುವ ಕೆಲಸ. ಆದರೆ ಕಲೆ ಇನ್ನೂ ಎಳೆಯದಾಗಿರುವಾಗ ಮಾತ್ರ ಚೆನ್ನಾಗಿ ಬಿಡುತ್ತದೆ. ಆರು ತಿಂಗಳು ಬಿಟ್ಟು ಹೋದರೆ ಅದು ಗಟ್ಟಿ ಮುರಕಲ್ಲು. ಮೊದಲ ತಿಂಗಳು ವಾರಕ್ಕೊಮ್ಮೆಯಾದರೂ, ಆಮೇಲೆ ಎರಡು ವಾರಕ್ಕೊಮ್ಮೆ ತೋರಿಸಬೇಕು. ಬದಿಯಡ್ಕದಿಂದ ಕುಂಬಳೆಗೆ ಬಂದು, ತಲಪಾಡಿ ದಾಟಿ ಮಂಗಳೂರಿಗೆ ಹೋಗಿ ಬರುವುದೆಂದರೆ ಒಂದು ಇಡೀ ದಿನ, ಜೊತೆಗೆ ಒಬ್ಬರ ಕೂಲಿ. ನನಗೆ ಗೊತ್ತು. ಸರ್ಜನ್ ಒಪ್ಪಿದರೆ ನಡುವಿನ ಕೆಲವು ಸಲ ಕಾಸರಗೋಡಿನಲ್ಲೇ ಕಣ್ಣಿನ ಡಾಕ್ಟರಿಗೆ ತೋರಿಸಿ, ಒತ್ತಡ ಅಳೆಸಿ, ಬ್ಲೆಬ್‌ನ ಫೋಟೋ ತೆಗೆಸಿ ಅವರಿಗೆ ಕಳಿಸಬಹುದು. ಇದನ್ನು ಆಪರೇಶನ್ನಿನ ಮೊದಲೇ ಮಾತಾಡಿ ಇಟ್ಟುಕೊಳ್ಳಿ.

ತೋಟದ ಕೆಲಸದ ಬಗ್ಗೆ ಒಂದು ಮಾತು. ಮಳೆಗಾಲದಲ್ಲಿ ಅಡಿಕೆಗೆ ಮದ್ದು ಬಿಡುವಾಗ ತಂದೆ ಮರದ ಬುಡದಲ್ಲಿ ಇರಬಾರದು. ಬೋರ್ಡೋ ದ್ರಾವಣ ಎಂದರೆ ಮೈಲುತುತ್ತು ಮತ್ತು ಸುಣ್ಣ. ಸುಣ್ಣ ಕಣ್ಣನ್ನು ಸುಡುತ್ತದೆ, ಅದರಲ್ಲೂ ಆಪರೇಶನ್ ಆದ ಕಣ್ಣನ್ನು. ಹಾಗಂತ ಮದ್ದು ಬಿಟ್ಟು ಮುಗಿಯಲಿ ಎಂದು ಆಪರೇಶನ್ ಮುಂದೆ ಹಾಕಬೇಡಿ. ಮದ್ದು ಬಿಡಲು ಬೇರೆ ಜನ ಮಾಡಿ. ಕೆರೆಯಲ್ಲಿ ಮುಳುಗಿ ಸ್ನಾನ ಬೇಡ, ಕಣ್ಣು ಉಜ್ಜುವುದು ಬೇಡ. ನಂದಿಬಟ್ಟಲು ಹೂವಿನ ನೀರು ತಂಪು ಎಂದು ಯಾರಾದರೂ ಹೇಳಿದರೆ ದಯವಿಟ್ಟು ಹಾಕಬೇಡಿ. ಎಷ್ಟು ವರ್ಷ ಕಳೆದಿದ್ದರೂ ಆ ಕಣ್ಣು ಒಮ್ಮೆಲೇ ಕೆಂಪಾಗಿ ನೋವು, ಪಿಸುರು, ಮಂಜು ಬಂದರೆ ನಾಳೆ ನೋಡೋಣ ಎನ್ನಬೇಡಿ, ಅದೇ ದಿನ ಹೋಗಿ.

ಮಂಗಳೂರಿಗೆ ಹೋಗುವಾಗ ಹಳೆಯ ಡಿಸ್‌ಚಾರ್ಜ್ ಹಾಳೆ, ಎರಡೂ ಕಣ್ಣಿನ ಫೀಲ್ಡ್ ಟೆಸ್ಟ್ (ಸುತ್ತ ಎಷ್ಟು ಅಗಲ ಕಾಣುತ್ತದೆ ಎಂದು ನೋಡುವ ಪರೀಕ್ಷೆ), ಓಸಿಟಿ (ಕಣ್ಣಿನ ನರದ ಸ್ಕ್ಯಾನ್), ಈಗ ಬಿಡುತ್ತಿರುವ ಎಲ್ಲ ಮದ್ದಿನ ಬಾಟಲಿಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ಮೈಟೋಮೈಸಿನ್ ಎಷ್ಟು, ಕೊಲಾಜೆನ್ ಯಾಕೆ, ಬಲಗಣ್ಣಿಗೆ ಏನು ಎಂದು ಕೇಳಿ. ಮತ್ತೆ ಈ ರೋಗ ಮನೆತನದಲ್ಲಿ ಬರುವಂಥದ್ದು. ನೀವು, ನಿಮ್ಮ ಅಣ್ಣ ತಮ್ಮ ಅಕ್ಕ ತಂಗಿಯರು, ತಂದೆಯ ಒಡಹುಟ್ಟಿದವರು, ಯಾರ ಕಣ್ಣನ್ನೂ ಈ ತನಕ ನೋಡಿಸಿರಲಿಕ್ಕಿಲ್ಲ. ತಂದೆಯ ಜೊತೆ ಹೋದ ದಿನವೇ ನಿಮ್ಮ ಕಣ್ಣಿನ ಪ್ರೆಶರನ್ನೂ ನರವನ್ನೂ ನೋಡಿಸಿಕೊಂಡು ಬನ್ನಿ.